ಈರುಳ್ಳಿಯಿಲ್ಲದ ಇಪ್ಪತ್ತೆರಡು ವರ್ಷ

ಭದ್ರಾವತಿಯ ನ್ಯೂಟೌನಿನಲ್ಲಿ ಒಂದು ಚಿಕ್ಕ ಚರ್ಚು, ಅದರ ಬೆನ್ನಿಗೆ ಫಾದರ್ ಮನೆ, ಆ ಮನೆಯ ಬೆನ್ನಿಗೆ ಒಂಬತ್ತಡಿಗೆ ಹನ್ನೊಂದಡಿಯ ಒಂದು ಅಡುಗೆಮನೆ. ಈ ಸಾಮ್ರಾಜ್ಯವನ್ನು ಚೌಡಮ್ಮನವರು ಇಪ್ಪತ್ತೆರಡು ವರ್ಷಗಳಿಂದ ಆಳುತ್ತಿದ್ದರು. ಅಷ್ಟರಲ್ಲಿ ರೋಮಿನಲ್ಲಿ ಮೂರು ಸಲ ಪೋಪ್ ಬದಲಾದರು. ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳು ಎಷ್ಟು ಸಲ ಬದಲಾದರೆಂಬುದು ಮುಖ್ಯಮಂತ್ರಿಗಳಿಗೇ ಮರೆತುಹೋಗಿದೆ. ಈ ಚರ್ಚಿಗೆ ಒಬ್ಬರಾದ ಮೇಲೊಬ್ಬರಂತೆ ಆರು ಜನ ಫಾದರ್‌ಗಳು ಬಂದರು, ಐವರು ವರ್ಗವಾಗಿ ಹೋದರು. ಚೌಡಮ್ಮನವರು ಮಾತ್ರ ಕದಲಲಿಲ್ಲ. ಅವರ ಹುಳಿಯೂ ಕದಲಲಿಲ್ಲ. ತೊಗರಿಬೇಳೆ, ಕುಂಬಳಕಾಯಿ, ಹದವಾದ ಹುಳಿ, ಘಮಘಮಿಸುವ ಇಂಗಿನ ಒಗ್ಗರಣೆ. ಇಲ್ಲದ್ದು ಒಂದೇ, ಈರುಳ್ಳಿ. ಬೆಳ್ಳುಳ್ಳಿಯನ್ನೂ ಸೇರಿಸಿದರೆ ಎರಡು. ಮೀನು, ಮೊಟ್ಟೆ, ಮಾಂಸದ ವಿಷಯವನ್ನು ಆ ಗೋಡೆಗಳ ನಡುವೆ ಯಾರೂ ಎತ್ತಿದವರೇ ಇಲ್ಲ.

ಇದು ಹೇಗಾಯಿತೆಂದರೆ, ಎರಡು ಧರ್ಮಗಳು ಒಂದನ್ನೊಂದು ಅತಿಯಾಗಿ ಗೌರವಿಸಿದ್ದರಿಂದ ಆಯಿತು.

ಚೌಡಮ್ಮನವರಿಗೆ ಇಪ್ಪತ್ತೇಳು ವರ್ಷವಾಗಿದ್ದಾಗ ಗಂಡ ತೀರಿಕೊಂಡರು. ಕಬ್ಬಿಣದ ಕಾರ್ಖಾನೆಯಲ್ಲಿ ದಿನಗೂಲಿಗೆ ಹೋಗುತ್ತಿದ್ದವರು, ಒಂದು ವಾರದ ಜ್ವರಕ್ಕೆ ಹೋಗಿಬಿಟ್ಟರು. ಹನ್ನೊಂದನೆಯ ದಿನದ ಕಾರ್ಯ ಹೊಳೆಹೊನ್ನೂರಿನಲ್ಲಿ, ಗಂಡನ ಅಣ್ಣ ಶೇಷಪ್ಪನವರ ಮನೆಯಲ್ಲಿ ನಡೆಯಿತು. ಶೇಷಪ್ಪನವರು ಜಗಲಿಯ ಮೇಲೆ ನಿಂತು, ನಮ್ಮ ಮನೆ ಸೊಸೆ ಇನ್ನು ಮುಂದೆ ಮರ್ಯಾದೆಯಾಗಿ ಹೀಗೇ ಇದ್ದುಬಿಡುತ್ತಾಳೆ ಎಂದು ನೆರೆದವರಿಗೆಲ್ಲ ತಿಳಿಸಿದರು. ತಿಳಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಎಲ್ಲರೂ ಎಲೆಯ ಮುಂದೆ ಕುಳಿತರು. ಹೀಗೇ ಇರಬೇಕಾಗಿದ್ದ ಸೊಸೆ ಆ ಹೊತ್ತಿನಲ್ಲಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಬಡಿಸುವವರೊಬ್ಬರು ಬಂದು ಅವರಿಗೆ ಸುದ್ದಿ ಹೇಳಿದರು.

ಮಗಳು ದಿವ್ಯಶ್ರೀಯನ್ನು ಕಂಕುಳಲ್ಲಿ ಎತ್ತಿಕೊಂಡು ಚೌಡಮ್ಮನವರು ಭದ್ರಾವತಿಗೆ ವಾಪಸು ಬಂದು ಫಾದರ್ ಮನೆಯ ಕೆಲಸ ಹಿಡಿದರು. ಆಗಿದ್ದ ಫಾದರ್ ಬಹಳ ಸಂಕೋಚದ ಮುದುಕರು. ಮೊದಲ ದಿನ ಚೌಡಮ್ಮ ಅವರನ್ನು ವಿಚಾರಣೆಗೆ ಒಳಪಡಿಸಿದರು. ಹೆಂಡತಿ ಇಲ್ಲವೇ? ಇಲ್ಲ. ಮುಂಚೆ ಇದ್ದರೇ? ಇರಲಿಲ್ಲ. ಮುಂದೆ? ಮುಂದೆಯೂ ಇಲ್ಲ. ಹಾಗಾದರೆ ನೀವು ಸನ್ಯಾಸಿಗಳೇ ಎಂದು ಕೇಳಿದ್ದಕ್ಕೆ, ಪೂಜೆಗೆ ಹೊತ್ತಾಗಿದ್ದ ಮುದುಕರು ನಿಲುವಂಗಿಯ ಗುಂಡಿ ಹಾಕಿಕೊಳ್ಳುತ್ತ, “ಒಂಥರಾ ಹಾಗೇ” ಎಂದುಬಿಟ್ಟರು.

ಆ ಎರಡು ಮಾತು ಆರು ಜನ ಗುರುಗಳ ನಾಲಗೆಗೆ ಬೀಗ ಹಾಕಿತು.

ಏಕೆಂದರೆ ಸನ್ಯಾಸಿಗಳ ಊಟದ ವಿಷಯದಲ್ಲಿ ಚೌಡಮ್ಮನವರು ಸಾಮಾನ್ಯರಲ್ಲ. ಹೊಳೆಹೊನ್ನೂರಿನ ಒಂದು ಮಠದ ಅಂಗಳ ಗುಡಿಸುತ್ತಿದ್ದ ತಾಯಿಯ ಸೆರಗು ಹಿಡಿದು ಬೆಳೆದವರು. ಮಠದ ಅಡುಗೆಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದನ್ನು ಹಿತ್ತಲಿನಿಂದಲೇ ಬಾಯಿಪಾಠ ಮಾಡಿದವರು. ಈರುಳ್ಳಿ ಬೆಳ್ಳುಳ್ಳಿ ತಿಂದರೆ ಮೈ ಕಾಯುತ್ತದೆ, ಮೈ ಕಾದರೆ ಮನಸ್ಸು ಅಡ್ಡದಾರಿ ಹಿಡಿಯುತ್ತದೆ, ಸನ್ಯಾಸ ಕೆಡುತ್ತದೆ. ಪಾಪ, ಈ ಮುದುಕರಿಗೆ ಇದನ್ನೆಲ್ಲ ಹೇಳುವವರೇ ಇಲ್ಲವೆಂದು ಮರುಗಿ, ಅಂದೇ ಮನೆಯಲ್ಲಿದ್ದ ಅರ್ಧ ಬುಟ್ಟಿ ಈರುಳ್ಳಿಯನ್ನು ಪಕ್ಕದ ಮನೆಗೂ, ಡಬ್ಬಿಯಲ್ಲಿದ್ದ ಒಣಮೀನನ್ನು ಬೆಕ್ಕಿಗೂ ದಾನ ಮಾಡಿದರು. ಪೂಜೆ ಮುಗಿಸಿ ಬಂದ ಫಾದರ್ ಸಪ್ಪೆ ಹುಳಿ ಉಂಡು, ಇದು ಈ ಹೆಣ್ಣುಮಗಳ ಮನೆತನದ ಪದ್ಧತಿ ಇರಬೇಕು, ಗಂಡ ಹೋದ ದುಃಖದಲ್ಲಿದ್ದಾಳೆ, ನೋಯಿಸಬಾರದು ಎಂದುಕೊಂಡರು. ಇದು ಫಾದರ್ ಪದ್ಧತಿ ಎಂದು ಚೌಡಮ್ಮ. ಇದು ಚೌಡಮ್ಮನ ಪದ್ಧತಿ ಎಂದು ಫಾದರ್. ಇಬ್ಬರದೂ ಅಲ್ಲದ ಪದ್ಧತಿಯನ್ನು ಇಬ್ಬರೂ ಪರಮಭಕ್ತಿಯಿಂದ ನಡೆಸಿದರು.

ವರ್ಗವಾಗುವಾಗ ಹಳೆಯ ಫಾದರ್ ಹೊಸ ಫಾದರ್‌ಗೆ ಬೀಗದ ಕೈ ಕೊಡುತ್ತಿದ್ದರು, ಜ್ಞಾನಸ್ನಾನದ ದಫ್ತರ ಕೊಡುತ್ತಿದ್ದರು, ಕೊನೆಗೆ ದನಿ ತಗ್ಗಿಸಿ, ಚೌಡಮ್ಮ ಈರುಳ್ಳಿ ಮುಟ್ಟುವುದಿಲ್ಲ, ಏನೂ ಹೇಳಬೇಡಿ, ಅಂಥ ನಿಯತ್ತಿನವರು ಸಿಗುವುದಿಲ್ಲ ಎನ್ನುತ್ತಿದ್ದರು. ಮಿಕ್ಕದ್ದು ಅವರವರ ಪರಾಕ್ರಮ. ಎರಡನೆಯವರು ಪ್ರತಿದಿನ ಸರಿಯಾಗಿ ಹನ್ನೆರಡೂವರೆಗೆ ಭಕ್ತರ ಮನೆಗಳಿಗೆ ಭೇಟಿ ಕೊಡುತ್ತಿದ್ದರು. ಕುಟುಂಬಗಳ ಬಗ್ಗೆ ಇಷ್ಟು ಕಾಳಜಿಯ ಗುರುಗಳನ್ನು ಕಂಡಿಲ್ಲವೆಂದು ಊರೇ ಹೊಗಳಿತು. ಮೂರನೆಯವರು ಹುರಿದ ಸಿಗಡಿ ಪುಡಿಯ ಬಾಟಲಿಯನ್ನು ಪೂಜಾ ಸಾಮಗ್ರಿಯ ಬೀರುವಿನಲ್ಲಿ ಮೊಂಬತ್ತಿಗಳ ಹಿಂದೆ ಅಡಗಿಸಿಟ್ಟಿದ್ದರು. ಸೆಕೆಯ ದಿನಗಳಲ್ಲಿ ಚರ್ಚಿನೊಳಗೆ ಕಡಲ ತೀರದ ವಾಸನೆ ಹಬ್ಬುತ್ತಿತ್ತು. ನಾಲ್ಕನೆಯವರು ಶಿವಮೊಗ್ಗದಲ್ಲಿ ಯಾವ ಮೀಟಿಂಗ್ ನಡೆದರೂ ಊಟದ ಹೊತ್ತಿಗೆ ತಪ್ಪದೆ ಹಾಜರಾಗುತ್ತಿದ್ದರು. ಐದನೆಯವರಿಗೆ ಯಾವ ಉಪಾಯವೂ ಹೊಳೆಯಲಿಲ್ಲ. ಹನ್ನೊಂದು ಕಿಲೋ ಇಳಿದರು. ಡಾಕ್ಟರು ಅವರ ಬೆನ್ನು ತಟ್ಟಿದರು.

ಆರನೆಯವರೇ ಫಾದರ್ ವಲೇರಿಯನ್. ವಯಸ್ಸು ನಲವತ್ತೊಂದು. ಶಿವಮೊಗ್ಗದ ಸವಳಂಗ ರಸ್ತೆಯವರು. ಅವರ ತಾಯಿ ಬಂಗುಡೆ ಹುರಿಯಲು ಕುಳಿತರೆ ರಸ್ತೆಯಲ್ಲಿ ಸ್ಕೂಟರುಗಳು ತಾವಾಗಿ ನಿಧಾನವಾಗುತ್ತವೆ. ಅಂಥ ಮನೆಯ ಮಗ ಚೌಡಮ್ಮನವರ ಹುಳಿಯ ಎದುರು ಎಂಟು ತಿಂಗಳು ವೀರಾವೇಶದಿಂದ ಹೋರಾಡಿ, ಒಂಬತ್ತನೆಯ ತಿಂಗಳು ಸೋತರು. ಅಂದಿನಿಂದ ಸಂಜೆ ಆರೂವರೆಗೆ ನಿಲುವಂಗಿ ಬಿಚ್ಚಿಟ್ಟು, ಅಂಗಿ ಪ್ಯಾಂಟು ತೊಟ್ಟು, ವಾಕಿಂಗ್ ಎಂದು ಹೊರಡತೊಡಗಿದರು.

ಊರು ಸುಮ್ಮನಿರುತ್ತದೆಯೇ? ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ ಮೋನಿಕಾ ಒಂದು ದಿನ ಅಡುಗೆಮನೆಯ ಕಿಟಕಿಗೆ ಬಂದು ವರದಿ ಒಪ್ಪಿಸಿದರು. ಫಾದರ್ ದಿನಾ ಸಂಜೆ ಸೇತುವೆ ದಾಟಿ ಹಳೇನಗರದ ಕಡೆ ಹೋಗುತ್ತಾರೆ, ಒಬ್ಬರೇ ಹೋಗುತ್ತಾರೆ, ಬರುವಾಗ ಮುಖ ಅರಳಿರುತ್ತದೆ. ಚೌಡಮ್ಮ ನಂಬಲಿಲ್ಲ. ವಾಕಿಂಗ್ ಹೋದವರ ಮುಖ ಅರಳದೆ ಬಾಡುತ್ತದೆಯೇ ಎಂದರು.

“ತಲೆ ಬಾಚ್ಕೊಂಡು ಹೋಗ್ತಾರೆ ಮಾರಾಯ್ತಿ,” ಎಂದರು ಮೋನಿಕಾ. “ತಲೆ ಬಾಚ್ಕೊಂಡು ಯಾರೂ ವಾಕಿಂಗ್ ಹೋಗಲ್ಲ.”

ಚೌಡಮ್ಮ ಅವರನ್ನು ಗದರಿಸಿ ಕಳಿಸಿದರು. ಆದರೆ ಅಂದು ರಾತ್ರಿಯೂಟಕ್ಕೆ ಕುಳಿತ ಫಾದರ್‌ಗೆ ನೀರಿನ ಲೋಟ ಕೊಡಲು ಬಾಗಿದಾಗ ಅವರ ಮೂಗಿಗೆ ಒಂದು ವಾಸನೆ ಬಡಿಯಿತು. ಇಪ್ಪತ್ತೆರಡು ವರ್ಷ ಆ ಮನೆಯ ಹೊಸ್ತಿಲು ದಾಟದ ವಾಸನೆ. ಈರುಳ್ಳಿ.

ಉಳಿದದ್ದನ್ನು ಚೌಡಮ್ಮನವರ ತರ್ಕಶಾಸ್ತ್ರ ತಾನೇ ಪೂರೈಸಿತು. ಈರುಳ್ಳಿ ತಾನಾಗಿ ಬಾಯಿಗೆ ಬರುವುದಿಲ್ಲ. ಯಾರೋ ಹೆಚ್ಚಿರಬೇಕು, ಹುರಿದಿರಬೇಕು, ಬಡಿಸಿರಬೇಕು. ದಿನಾ ಸಂಜೆ ಒಬ್ಬ ಗಂಡಸಿಗೆ ಈರುಳ್ಳಿ ಹುರಿದು ಬಡಿಸುವವರು ಯಾರು? ಮದುವೆಯಿಲ್ಲದ ಗುರು, ಅದೂ ನಲವತ್ತೊಂದರ ಪ್ರಾಯ. ವಿಷಯ ಬಿಷಪ್ಪರ ಕಿವಿಗೆ ಬಿದ್ದರೆ ಫಾದರ್ ಕಥೆ ಮುಗಿಯಿತು. ಅವರಿಗಿಂತ ಮುಂಚೆ, ಆರು ಜನರ ಬ್ರಹ್ಮಚರ್ಯವನ್ನು ಕುಂಬಳಕಾಯಿಯಿಂದ ಕಾಪಾಡಿಕೊಂಡು ಬಂದ ತಮ್ಮ ಕಥೆ ಮುಗಿಯಿತು.

ಮರುದಿನ ಸಂಜೆ ದಂಡಯಾತ್ರೆ ಹೊರಟಿತು. ಆಯುಧ, ಮಳೆಯಿಲ್ಲದ ದಿನದಲ್ಲಿ ಒಂದು ಕೊಡೆ. ಮಾರುವೇಷ, ತಲೆಯ ಮೇಲೆ ಸೆರಗು ಮತ್ತು ಒಂದು ತರಕಾರಿ ಚೀಲ. ಫಾದರ್ ಮುಂದೆ, ನೂರು ಮಾರು ಹಿಂದೆ ಚೌಡಮ್ಮ. ಅವರು ಬಾಳೆಹಣ್ಣಿನ ಗಾಡಿಯ ಮರೆಯಲ್ಲಿ ನಿಂತರು, ಚನ್ನಗಿರಿ ಬಸ್ಸಿನ ಮರೆಯಲ್ಲಿ ನಡೆದರು, ಯಾರದೋ ಹುಟ್ಟುಹಬ್ಬದ ಫ್ಲೆಕ್ಸಿನ ಹಿಂದೆ ಉಸಿರು ಬಿಗಿಹಿಡಿದರು. ದಾರಿಯಲ್ಲಿ ನಾಲ್ಕು ಜನ ಅವರಿಗೆ ನಮಸ್ಕಾರ ಮಾಡಿ ಎಲ್ಲಿಗೆ ಹೊರಟಿರಿ ಎಂದು ವಿಚಾರಿಸಿದರು. ಹಾಗೂ ಹೀಗೂ ಸೇತುವೆ ದಾಟಿದಾಗ ಫಾದರ್ ಒಂದು ತಳ್ಳುಗಾಡಿಯ ಮುಂದೆ ಕುಳಿತಿದ್ದರು. ಗಾಡಿಯ ಮೇಲೆ ‘ಮಾರಪ್ಪ ಎಗ್ ಸೆಂಟರ್’ ಎಂದು ಬರೆದಿತ್ತು. ಫಾದರ್ ಕೈಯಲ್ಲಿ ಡಬಲ್ ಆಮ್ಲೆಟ್ಟಿನ ತಟ್ಟೆ. ಕಣ್ಣು ಮುಚ್ಚಿತ್ತು. ಮುಖದಲ್ಲಿ ಈಸ್ಟರ್ ಹಬ್ಬದ ಬೆಳಗಿನ ಕಾಂತಿ.

ಚೌಡಮ್ಮ ಗಾಡಿಯ ಹಿಂದೆ ನೋಡಿದರು. ಗಾಡಿಯ ಕೆಳಗೆ ಬಗ್ಗಿ ನೋಡಿದರು. ಹೆಣ್ಣೆಂಬ ಹೆಣ್ಣು ಎಲ್ಲೂ ಇಲ್ಲ.

“ಯಾರವಳು?” ಎಂದರು.

ಫಾದರ್ ಬಾಯಲ್ಲಿದ್ದುದನ್ನು ನುಂಗಿದರು. “ಯಾರು ಚೌಡಮ್ಮ?”

“ನಿಮಗೆ ಈರುಳ್ಳಿ ಹೆಚ್ಚಿಕೊಡೋಳು.”

ಗಾಡಿಯ ಹಿಂದಿದ್ದ ಮನುಷ್ಯ ಚಾಕು ಎತ್ತಿ ತೋರಿಸಿದರು. “ನಾನೇ ಕಣಮ್ಮ. ಒಂದು ತಿಂಗಳಿಂದ ನಾನೇ ಹೆಚ್ಚಿಕೊಡ್ತಿದ್ದೀನಿ.”

ಮಾರಪ್ಪನವರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೆಂಡದಂಥ ಕಬ್ಬಿಣದ ಎದುರು ನಿಂತು ನಿವೃತ್ತರಾದವರು. ಮನೆಯಲ್ಲಿ ಸುಮ್ಮನೆ ಕೂರಲಾರದೆ ಈಗ ಕಾದ ತವಾದ ಎದುರು ನಿಂತಿದ್ದರು. ಹೆಂಡತಿ ತೀರಿಕೊಂಡು ಏಳು ವರ್ಷ. ಅವರು ಒಂದು ಸ್ಟೂಲು ಒರೆಸಿ ಚೌಡಮ್ಮನವರಿಗೆ ಕೊಟ್ಟರು. ಆ ಸ್ಟೂಲಿನ ಮೇಲೆ ಕುಳಿತು ಅವರು ಎಲ್ಲವನ್ನೂ ಕೇಳಿದರು. ಫಾದರ್‌ಗಳಿಗೆ ಈರುಳ್ಳಿ ನಿಷಿದ್ಧವಲ್ಲ. ಬೆಳ್ಳುಳ್ಳಿಯೂ ಅಲ್ಲ, ಕೋಳಿ ಮೀನು ಯಾವುದೂ ಅಲ್ಲ. ಅವರಿಗೆ ಇಲ್ಲದ್ದು ಮದುವೆ ಒಂದೇ. ಹಾಗಾದರೆ ಇಷ್ಟು ವರ್ಷ ಒಬ್ಬರಾದರೂ ಏಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ್ದಕ್ಕೆ ಫಾದರ್, ನಿಮ್ಮ ಪದ್ಧತಿ ಎಂದುಕೊಂಡಿದ್ದೆವು ಎಂದರು.

“ನನ್ನ ಪದ್ಧತಿನಾ?” ಎಂದರು ಚೌಡಮ್ಮ. “ನಮ್ಮ ಮನೇಲಿ ಹಬ್ಬ ಅಂದ್ರೆ ಕೋಳಿ ಫಾದರ್. ನಿಮ್ಮೆಲ್ಲರ ಸನ್ಯಾಸ ಕೆಡಬಾರದು ಅಂತ ನಾನೂ ಸಪ್ಪೆ ತಿಂದ್ಕೊಂಡು ಬಿದ್ದಿದ್ದೀನಿ.”

ಮಾರಪ್ಪನವರು ನಗಲು ಶುರುಮಾಡಿದರು. ನಕ್ಕು ನಕ್ಕು ಗಾಡಿ ಅಲುಗಾಡಿತು, ತವಾದ ಮೇಲಿದ್ದ ಆಮ್ಲೆಟ್ ಕಪ್ಪಗಾಯಿತು. ಚೌಡಮ್ಮನವರು ಅಳುವುದೋ ನಗುವುದೋ ಗೊತ್ತಾಗದೆ, ತಮಗೆ ಗೊತ್ತಿದ್ದ ವಿಷಯಕ್ಕೆ ಬಂದರು. ನಿಮ್ಮ ಆಮ್ಲೆಟ್ ಸೀದುಹೋಯಿತು, ಅದಲ್ಲದೆ ಈರುಳ್ಳಿಯನ್ನು ಇಷ್ಟು ದಪ್ಪ ಹೆಚ್ಚಬಾರದು ಎಂದರು. ಹೇಗೆ ಹೆಚ್ಚಬೇಕೆಂದು ಮಾರಪ್ಪ ಕೇಳಿದರು. ಚೌಡಮ್ಮ ಕೊಡೆ ಪಕ್ಕಕ್ಕಿಟ್ಟು ಚಾಕು ತೆಗೆದುಕೊಂಡರು.

ಮರುದಿನ ಫಾದರ್ ಮನೆಯಲ್ಲಿ ಈರುಳ್ಳಿ ಹುಳಿ. ಫಾದರ್ ನಾಲ್ಕು ಸಲ ಹಾಕಿಸಿಕೊಂಡರು. ಆದರೆ ಒಲೆಯ ಮೇಲೆ ಎರಡು ಪಾತ್ರೆಗಳಿದ್ದವು. ಪಕ್ಕದ ಚಿಕ್ಕದು ಚೌಡಮ್ಮನವರದು, ಅದೇ ಹಳೆಯ ಸಪ್ಪೆ ಹುಳಿ. ಅಭ್ಯಾಸವಾಗಿದೆ ಎಂದರು.

ಫಾದರ್ ಸಂಜೆಯ ವಾಕಿಂಗ್ ನಿಂತಿತು, ಚೌಡಮ್ಮನವರದು ಶುರುವಾಯಿತು. ಮಾರಪ್ಪನವರಿಗೆ ಈರುಳ್ಳಿ ಹೆಚ್ಚುವುದನ್ನು ಕಲಿಸಬೇಕಿತ್ತಲ್ಲ. ಕಬ್ಬಿಣದ ಕೈ, ಬೇಗ ಪಳಗಲಿಲ್ಲ. ಎರಡು ತಿಂಗಳು ಪಾಠ ನಡೆಯಿತು. ಮಾರಪ್ಪ ಬೇಕೆಂದೇ ದಪ್ಪ ಹೆಚ್ಚುತ್ತಾರೆಂದು ಗಾಡಿಯ ಖಾಯಂ ಗಿರಾಕಿಗಳಿಗೆಲ್ಲ ಗೊತ್ತಾಗಿತ್ತು, ಶಿಕ್ಷಕಿಯೊಬ್ಬರನ್ನು ಬಿಟ್ಟು. ಮೂರನೆಯ ತಿಂಗಳ ಒಂದು ಸಂಜೆ ತವಾ ಒರೆಸುತ್ತ ಮಾರಪ್ಪನವರು ತಮ್ಮ ವಿವರ ಒಪ್ಪಿಸಿದರು.

“ನನಗೆ ಅರವತ್ತೊಂದು. ಬಿಪಿ ಇದೆ, ಶುಗರ್ ಇಲ್ಲ. ಬೆಳಗ್ಗೆ ಎದ್ರೆ ಮಾತಾಡೋಕೆ ಮನೇಲಿ ಯಾರೂ ಇಲ್ಲ. ನೀವು ಒಪ್ಪಿದ್ರೆ ಮದುವೆ ಆಗೋಣ ಚೌಡಮ್ಮನೋರೆ. ಒಪ್ಪದಿದ್ರೂ ಪಾಠ ನಿಲ್ಲಿಸ್ಬೇಡಿ.”

ಚೌಡಮ್ಮ ಕೊಡೆ ಎತ್ತಿಕೊಂಡು ಎದ್ದು ಬಂದರು. ಐದು ದಿನ ಸೇತುವೆ ದಾಟಲಿಲ್ಲ. ಆ ಐದು ದಿನ ಹುಳಿಗೆ ಒಮ್ಮೆ ಉಪ್ಪಿರಲಿಲ್ಲ, ಒಮ್ಮೆ ಎರಡು ಸಲ ಇತ್ತು. ಶಿವಮೊಗ್ಗದ ಕೋಟೆ ಬಡಾವಣೆಯಲ್ಲಿ ಸಂಸಾರ ಮಾಡಿಕೊಂಡಿದ್ದ ದಿವ್ಯಶ್ರೀಗೆ ಫೋನ್ ಮಾಡಿ ಬೇರೇನೋ ಮಾತಾಡಿ ಇಟ್ಟರು. ಮಗಳು ತಾನೇ ತಿರುಗಿ ಮಾಡಿ, ಗಾಡಿಯ ಗಿರಾಕಿಗಳಲ್ಲಿ ತನ್ನ ಗಂಡನ ಗೆಳೆಯನೂ ಇದ್ದಾನೆ, ಎಲ್ಲಾ ಗೊತ್ತು, ತನಗೆ ಸಂತೋಷವೇ ಎಂದಳು. ಆದರೂ ಚೌಡಮ್ಮನವರ ಮನಸ್ಸು ಜಗಲಿಯ ಆ ಅರ್ಧ ನಿಮಿಷದಿಂದ ಆಚೆ ಬರಲಿಲ್ಲ.

ಆರನೆಯ ದಿನ ಫಾದರ್ ಅಡುಗೆಮನೆಗೆ ಕುರ್ಚಿ ಎಳೆದುಕೊಂಡು ಬಂದು ಕುಳಿತರು. ಒಲೆಯ ಮೇಲೆ ಹಾಲಿತ್ತು. ಮಾರಪ್ಪನವರು ಫಾದರ್ ಬಳಿಗೆ ಬಂದು ತಮ್ಮ ದುಃಖ ತೋಡಿಕೊಂಡಿದ್ದರಂತೆ.

“ನನಗೆಂಥ ಮದುವೆ ಫಾದರ್,” ಎಂದರು ಚೌಡಮ್ಮ. “ನಾನೂ ನಿಮ್ಮ ಪಾರ್ಟೀನೇ. ಒಂಥರಾ ಹಾಗೇ.”

ಫಾದರ್ ತಮ್ಮ ಕಥೆ ಹೇಳಿದರು. ಪಾದ್ರಿಯಾಗಲು ಗುರುಮಠದಲ್ಲಿ ಹನ್ನೊಂದು ವರ್ಷ ಓದಿದ್ದು. ಪ್ರತಿವರ್ಷ ಹಿರಿಯರು ಎದುರು ಕೂರಿಸಿಕೊಂಡು, ಇರುತ್ತೀಯೋ ಹೋಗುತ್ತೀಯೋ ಎಂದು ಕೇಳಿದ್ದು. ಏಳನೆಯ ವರ್ಷ ಮನಸ್ಸು ಡೋಲಾಯಮಾನವಾಗಿ ಸವಳಂಗ ರಸ್ತೆಯ ಮನೆಗೆ ಬಂದುಬಿಟ್ಟದ್ದು. ಅದೇ ವರ್ಷ ನೆಂಟರ ಮದುವೆಯಲ್ಲಿ ಒಬ್ಬ ಹುಡುಗಿ ಐಸ್‌ಕ್ರೀಮ್ ತಂದುಕೊಟ್ಟು ಪಕ್ಕದಲ್ಲಿ ಕುಳಿತಿದ್ದು. ಒಂದು ವರ್ಷ ಯೋಚಿಸಿ, ಯಾರೂ ಕರೆಯದೆ ತಾವಾಗಿ ಗುರುಮಠಕ್ಕೆ ವಾಪಸು ಹೋದದ್ದು. ದೀಕ್ಷೆಗೆ ಮುಂಚೆ, ಇದು ಯಾರ ಒತ್ತಾಯವೂ ಅಲ್ಲ, ನನ್ನ ಸ್ವಂತ ಇಷ್ಟ ಎಂದು ತಮ್ಮ ಕೈಯಲ್ಲೇ ಬರೆದು ಸಹಿ ಹಾಕಿದ್ದು. ಆಮೇಲೆ ಊರಿನ ಚರ್ಚಿನಲ್ಲಿ ಮೂರು ಭಾನುವಾರ ಇವರ ಹೆಸರು ಓದಿ, ಅಡ್ಡಿ ತಿಳಿದವರು ಹೇಳಬಹುದು ಎಂದು ಸಾರಿದ್ದು.

ಆ ಸಾರುವ ಪದ್ಧತಿ ಚೌಡಮ್ಮನವರಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾಗುವವರಿಗೂ ಅಷ್ಟೇ, ಗುರುವಾಗುವವರಿಗೂ ಅಷ್ಟೇ. ಮೂರು ಭಾನುವಾರದ ಆ ಪ್ರಕಟಣೆಯನ್ನು ಅವರು ಒಗ್ಗರಣೆ ಹಾಕುತ್ತ ಕಿಟಕಿಯಿಂದ ನೂರಾರು ಸಲ ಕೇಳಿದ್ದರು.

“ನನ್ನನ್ನು ಹನ್ನೊಂದು ವರ್ಷ ಕೇಳಿದ್ರು ಚೌಡಮ್ಮ,” ಎಂದರು ಫಾದರ್. “ನಿಮ್ಮನ್ನ ಯಾರು ಕೇಳಿದ್ರು?”

ಹಾಲು ಉಕ್ಕಿತು. ಆ ಅಡುಗೆಮನೆಯ ಚರಿತ್ರೆಯಲ್ಲಿ ಅದೇ ಮೊದಲು. ಚೌಡಮ್ಮ ಒಲೆ ಆರಿಸಿ, ಚೆಲ್ಲಿದ್ದನ್ನು ಬಹಳ ಹೊತ್ತು ಒರೆಸಿದರು. ಸೋತ ಸೇನಾಪತಿ ತಿರುಗಿ ಬೀಳುವಂತೆ ತಟ್ಟನೆ ತಿರುಗಿ ಬಿದ್ದರು. ಊಟದ ಕೋಣೆಯಲ್ಲಿ ಬೀಗದ ಕೈ ಹಿಡಿದ ಸಂತ ಪೇತ್ರರ ಪಟವಿದೆಯಲ್ಲ, ಅವರೇ ಮೊದಲನೇ ಪೋಪ್ ಎಂದು ನೀವೇ ಹೇಳಿದ್ದೀರಿ. ಹೋದ ತಿಂಗಳು ಮೈಕಿನಲ್ಲಿ ಬೈಬಲಿನಿಂದ, ಅವರ ಅತ್ತೆಗೆ ಜ್ವರ ಬಂದಿತ್ತು ಎಂದು ಓದಿದಿರಿ. ಹೆಂಡತಿಯಿಲ್ಲದೆ ಅತ್ತೆ ಎಲ್ಲಿಂದ ಬಂದಳು? ಮೊದಲನೇ ಪೋಪಿಗೆ ಇದ್ದದ್ದು ನಿಮಗೇಕಿಲ್ಲ?

ಫಾದರ್‌ಗೆ ನಗು ತಡೆಯಲಾಗಲಿಲ್ಲ. ಹಿಂದೆ ಮದುವೆಯಾದ ಗುರುಗಳು ಬಹಳ ಜನ ಇದ್ದರೆಂದು ಒಪ್ಪಿಕೊಂಡರು. ಪೂರ್ವದೇಶಗಳ ಕೆಲವು ಕ್ಯಾಥೋಲಿಕ್ ಸಭೆಗಳಲ್ಲಿ ಈಗಲೂ ಇದ್ದಾರೆ. ನಮ್ಮ ಕಡೆಯದು ಧರ್ಮಸಭೆ ಮಾಡಿಕೊಂಡ ನಿಯಮ, ದೊಡ್ಡವರು ಅದರ ಬಗ್ಗೆ ವಾದ ಮಾಡುತ್ತಲೇ ಇದ್ದಾರೆ, ಮುಂದೊಂದು ದಿನ ಬದಲಾದರೂ ಆಗಬಹುದು ಎಂದರು. ಬದಲಾದರೆ ನೀವು ಆಗುತ್ತೀರೋ ಎಂದು ಚೌಡಮ್ಮ ಬಿಡಲಿಲ್ಲ. ಈಗಾಗಲೇ ದೀಕ್ಷೆ ಆದವರಿಗೆ ಆಗಲೂ ದಾರಿ ಇರಲಿಕ್ಕಿಲ್ಲ ಎಂದರು ಫಾದರ್. ಆಮೇಲೆ ಕುರ್ಚಿಯನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡರು.

“ಸುಲಭ ಅಂತ ಹೇಳಲ್ಲ. ಭಾನುವಾರ ಮಧ್ಯಾಹ್ನ ಎಲ್ಲರೂ ಅವರವರ ಮನೆಗೆ ಹೋದ ಮೇಲೆ ಕಷ್ಟ. ಆದ್ರೆ ಇದು ನಾನೇ ಎತ್ತಿ ಹೆಗಲಿಗೆ ಹಾಕ್ಕೊಂಡ ಮೂಟೆ. ಬೇರೆಯವರು ಹೇರಿದ್ರೆ ಎಂದೋ ಬಿಸಾಕ್ತಿದ್ದೆ.”

ಮೂರನೆಯ ದಿನ ಚೌಡಮ್ಮ ಕಾಫಿ ಲೋಟವನ್ನು ಟಕ್ಕೆಂದು ಮೇಜಿನ ಮೇಲಿಟ್ಟು, ನನ್ನನ್ನೂ ಕೇಳಿ ಎಂದರು. ಮೂರು ಭಾನುವಾರ. ಎಲ್ಲರ ಎದುರಿಗೆ.

ಫಾದರ್ ತಲೆ ಕೆರೆದುಕೊಂಡರು. ನೀವಿಬ್ಬರೂ ಹಿಂದೂಗಳು, ಚರ್ಚಿನಲ್ಲಿ ನಿಮ್ಮ ಮದುವೆಯ ಪ್ರಕಟಣೆ ಓದುವ ಕ್ರಮವೇ ಇಲ್ಲ ಎಂದರು. ಒಳಗೆ ಓದಿ ಎಂದವರ್ಯಾರು, ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಕಳೆದುಹೋದ ಕೊಡೆ, ಕನ್ನಡಕದ ವಿಷಯ ಹೇಳುತ್ತೀರಲ್ಲ, ಅದರ ಜೊತೆ ಹೇಳಿ ಎಂದರು ಚೌಡಮ್ಮ. ಇದಕ್ಕೆ ಅಡ್ಡಿಯಾಗುವ ಯಾವ ಕಾನೂನೂ ಫಾದರ್‌ಗೆ ನೆನಪಾಗಲಿಲ್ಲ.

ಮೊದಲನೇ ಭಾನುವಾರ ಒಂದು ಕಪ್ಪು ಕೊಡೆ ಮತ್ತು ರಕ್ತದಾನ ಶಿಬಿರದ ನಂತರ, ಚೌಡಮ್ಮ ಮತ್ತು ಮಾರಪ್ಪ ಮದುವೆಯಾಗಲು ಬಯಸಿದ್ದಾರೆ, ಅಡ್ಡಿ ಇರುವವರು ತಿಳಿಸಬಹುದು ಎಂದು ಫಾದರ್ ಓದಿದರು. ಅಂಗಳ ದಂಗಾಯಿತು, ಆಮೇಲೆ ಚಪ್ಪಾಳೆ ಬಿತ್ತು. ಎರಡನೇ ಭಾನುವಾರ ಮೋನಿಕಾ ಗಂಭೀರವಾದ ಒಂದು ಆಕ್ಷೇಪ ಎತ್ತಿದರು. ಫಾದರ್‌ಗೆ ಅಡುಗೆ ಮಾಡುವವರು ಯಾರು? ನಾನೇ ಎಂದು ಕಿಟಕಿಯಿಂದ ಉತ್ತರ ಬಂತು. ಆಕ್ಷೇಪ ವಜಾ ಆಯಿತು.

ಅಷ್ಟರಲ್ಲಿ ಸುದ್ದಿ ಬಸ್ಸು ಹತ್ತಿ ಹೊಳೆಹೊನ್ನೂರು ತಲುಪಿತ್ತು. ಮೂರನೇ ಭಾನುವಾರ ಪೂಜೆ ಮುಗಿಯುವ ಹೊತ್ತಿಗೆ ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ಎಪ್ಪತ್ತರ ಪ್ರಾಯದ ಶೇಷಪ್ಪನವರು ಗೇಟಿನೊಳಗೆ ಬಂದು ಬೇವಿನ ಮರದ ಕೆಳಗೆ ನಿಂತರು. ಅಡ್ಡಿ ಇರುವವರು ಎಂದು ಫಾದರ್ ಓದುತ್ತಿದ್ದಂತೆ ಕೈ ಎತ್ತಿದರು. ಆ ಅಂಗಳದಲ್ಲಿ ಅಡ್ಡಿ ಇದೆಯೇ ಎಂದು ಕೇಳುವುದು ವಾಡಿಕೆ, ಇದೆ ಎನ್ನುವುದು ವಾಡಿಕೆಯಲ್ಲ. ಜನ ದಾರಿ ಬಿಟ್ಟರು. ಚೌಡಮ್ಮನವರು ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಹೊರಗೆ ಬಂದರು. ಬಾವನನ್ನು ಕಂಡು, ಹಳೆಯ ಅಭ್ಯಾಸ, ತಲೆಯ ಮೇಲೆ ಸೆರಗು ಎಳೆದುಕೊಂಡರು.

“ಆವತ್ತೇ ಜಗಲಿ ಮೇಲೆ ನಿಂತು ಹೇಳಿದ್ದೀನಿ ಸ್ವಾಮಿ,” ಎಂದರು ಶೇಷಪ್ಪ. “ನಮ್ಮ ಮನೆ ಸೊಸೆ ಮತ್ತೆ ಮದುವೆ ಆಗಲ್ಲ ಅಂತ. ನೀವೂ ಮದುವೆ ಬಿಟ್ಟೋರು. ನಿಮಗೆ ಅರ್ಥ ಆಗ್ಬೇಕು.”

“ಬಿಟ್ಟಿದ್ದು ನಾನೇ, ಹೇಳಿದ್ದೂ ನಾನೇ,” ಎಂದರು ಫಾದರ್. “ಒಬ್ಬರ ವ್ರತವನ್ನ ಇನ್ನೊಬ್ಬರು ಹೇಳೋಕಾಗಲ್ಲ ಶೇಷಪ್ಪನೋರೆ.”

ಆಮೇಲೆ ಫಾದರ್ ಕ್ರಮ ತಪ್ಪಿಸದೆ ವಿಚಾರಣೆ ನಡೆಸಿದರು. ಇಬ್ಬರಲ್ಲಿ ಯಾರಿಗಾದರೂ ಜೀವಂತ ಗಂಡನೋ ಹೆಂಡತಿಯೋ ಇದ್ದಾರೆಯೇ? ಇಲ್ಲ ಎಂದು ಶೇಷಪ್ಪ ಒಪ್ಪಿದರು. ಇಬ್ಬರೂ ರಕ್ತಸಂಬಂಧಿಗಳೇ? ಅಲ್ಲ. ಯಾರಿಗಾದರೂ ವಯಸ್ಸು ಕಡಿಮೆಯೇ? ಅಂಗಳದಲ್ಲಿ ನಗು ಎದ್ದಿತು, ಶೇಷಪ್ಪನವರ ಮೀಸೆಯೂ ಸ್ವಲ್ಪ ಅಲುಗಿತು. ಕೊನೆಯದು, ಯಾರಾದರೂ ಒತ್ತಾಯ ಮಾಡಿದ್ದಾರೆಯೇ? ಇದನ್ನು ಕೇಳುವಾಗ ಫಾದರ್ ಶೇಷಪ್ಪನವರನ್ನು ಬಿಟ್ಟು ಚೌಡಮ್ಮನವರ ಕಡೆ ತಿರುಗಿದರು. ಎಲ್ಲರೂ ತಿರುಗಿದರು.

ನಲವತ್ತೊಂಬತ್ತು ವರ್ಷದ ಆ ಹೆಂಗಸನ್ನು ಮೊದಲನೇ ಮದುವೆಗೂ ಯಾರೂ ಕೇಳಿರಲಿಲ್ಲ. ಮದುವೆ ಇಲ್ಲ ಎನ್ನುವಾಗಲೂ ಕೇಳಿರಲಿಲ್ಲ. ಈಗ ನೂರೈವತ್ತು ಜನ ಉಸಿರು ಹಿಡಿದು ಕಾಯುತ್ತಿದ್ದರು. ಚೌಡಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ಒಂದು ಪೇಪರು ಪೆನ್ನು ಕೊಡಿ ಎಂದರು.

ಮೋನಿಕಾ ಬ್ಯಾಗಿನಿಂದ ಮಹಿಳಾ ಸಂಘದ ಹಾಜರಿ ಪಟ್ಟಿ ತೆಗೆದು ಅದರ ಬೆನ್ನಿನ ಕಡೆ ತಿರುಗಿಸಿ ಕೊಟ್ಟರು. ಚೌಡಮ್ಮ ಸಿಮೆಂಟ್ ಬೆಂಚಿನ ಮೇಲೆ ಕಾಗದವಿಟ್ಟು ಮಂಡಿಯೂರಿ ಬರೆಯತೊಡಗಿದರು. ಮೂರನೇ ಕ್ಲಾಸಿನ ಅಕ್ಷರ, ಒಂದೊಂದನ್ನೂ ಅಕ್ಕಿಯ ಕಲ್ಲು ಆರಿಸುವಂತೆ ಆರಿಸಿ ಇಡಬೇಕು. ಆರು ನಿಮಿಷ ಹಿಡಿಯಿತು. ಫಾದರ್ ಪ್ರವಚನ ಹತ್ತು ನಿಮಿಷ ದಾಟಿದರೆ ಗಡಿಯಾರ ನೋಡುವ ಜನ ಕದಲದೆ ನಿಂತರು. ಗೇಟಿನ ಹತ್ತಿರ ಮಾರಪ್ಪನವರು ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ, ತಲೆ ಬಾಚಿಕೊಂಡು.

ಚೌಡಮ್ಮ ಕಾಗದವನ್ನು ಫಾದರ್‌ಗೆ ಕೊಡಲಿಲ್ಲ. ನೇರ ನಡೆದು ಶೇಷಪ್ಪನವರ ಕೈಗೆ ಕೊಟ್ಟರು. ಶೇಷಪ್ಪನವರು ಜೇಬಿನಲ್ಲಿ ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಯಾರ ಒತ್ತಾಯವೂ ಇಲ್ಲ, ನನ್ನ ಇಷ್ಟ, ಚೌಡಮ್ಮ ಎಂದಿತ್ತು. ಇನ್ನೊಮ್ಮೆ ಓದಿದರು. ತಮ್ಮನ ಹೆಂಡತಿಗೆ ಬರೆಯಲು ಬರುತ್ತದೆಂಬುದೇ ಅವರಿಗೆ ಗೊತ್ತಿರಲಿಲ್ಲ. ಕಾಗದವನ್ನು ಮಡಿಸಿದರು, ಬಿಡಿಸಿದರು, ಮರದ ಕಡೆ ನೋಡಿದರು.

“ಅಕ್ಷರ ಚೆನ್ನಾಗಿದೆ,” ಎಂದರು.

ಸೋಲೊಪ್ಪಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ಯಾವ ರಾಜನಿಗೂ ಹೊಳೆದಿರಲಾರದು. ಬಿಸಿಲೇರಿದ ಮೇಲೆ ಬಂದ ಹಿರಿಯರನ್ನು ಉಪವಾಸ ಕಳಿಸಲಾಗುತ್ತದೆಯೇ? ಫಾದರ್ ಅವರನ್ನು ಊಟಕ್ಕೆ ಕರೆದರು, ಮಾರಪ್ಪನವರನ್ನೂ. ಶೇಷಪ್ಪನವರು ಬೇಡವೆಂದು ಮೂರು ಸಲ ಹೇಳಿ, ನಾಲ್ಕನೆಯ ಸಲಕ್ಕೆ ಕೈ ತೊಳೆದರು. ಹುಳಿ ಬಡಿಸಿದಾಗ ತಟ್ಟೆ ನೋಡಿ ಸ್ವಲ್ಪ ಹೊತ್ತು ಕೈ ಹಾಕಲಿಲ್ಲ.

“ನನ್ನ ತಮ್ಮನಿಗೆ ಈರುಳ್ಳಿ ಹುಳಿ ಅಂದ್ರೆ ಪ್ರಾಣ,” ಎಂದರು.

“ಗೊತ್ತು ಬಾವ,” ಎಂದರು ಚೌಡಮ್ಮ.

ಅವರು ಒಳಗೆ ಹೋದರು. ಒಲೆಯ ಮೇಲೆ ಅಂದೂ ಎರಡು ಪಾತ್ರೆಗಳಿದ್ದವು. ಚಿಕ್ಕದನ್ನು ಕೆಳಗಿಳಿಸಿ ಮುಚ್ಚಿಟ್ಟು, ದೊಡ್ಡದರಿಂದ ತಮ್ಮ ತಟ್ಟೆಗೂ ಬಡಿಸಿಕೊಂಡು ಬಂದು ಎಲ್ಲರ ಜೊತೆ ಕುಳಿತರು. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಈರುಳ್ಳಿ ಘಾಟು ಎಂದು ಮಾರಪ್ಪನವರು ತೀರ್ಪು ಕೊಟ್ಟರು. ಬೆಂದ ಈರುಳ್ಳಿಗೆ ಎಂಥ ಘಾಟು ಎಂದು ಯಾರೂ ಕೇಳಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಮದುವೆ ರಿಜಿಸ್ಟರ್ ಆಯಿತು. ದಿವ್ಯಶ್ರೀ ಸಾಕ್ಷಿ ಹಾಕಿದಳು, ಇನ್ನೊಂದು ಸಾಕ್ಷಿ ಫಾದರ್. ಚೌಡಮ್ಮನವರು ಈಗ ಬೆಳಗ್ಗೆ ಫಾದರ್ ಮನೆಯಲ್ಲಿ, ಸಂಜೆ ಎಗ್ ಸೆಂಟರಿನಲ್ಲಿ. ಹೀಗೆ ಅವರ ಸಾಮ್ರಾಜ್ಯ ಸೇತುವೆಯ ಆಚೆಗೂ ವಿಸ್ತರಿಸಿದೆ. ಭಾನುವಾರ ಮಧ್ಯಾಹ್ನ ಜನರೆಲ್ಲ ಅವರವರ ಮನೆಗೆ ಹೋದ ಮೇಲೆ, ಫಾದರ್ ಮನೆಯ ಹಿಂದೆ ಮೂರು ಸ್ಟೂಲುಗಳು ಬೀಳುತ್ತವೆ. ಮಾರಪ್ಪನವರು ಬಂಗುಡೆ ತರುತ್ತಾರೆ, ಚೌಡಮ್ಮ ಮಸಾಲೆ ಅರೆಯುತ್ತಾರೆ. ಈರುಳ್ಳಿ ಹೆಚ್ಚುವ ಕೆಲಸ ಫಾದರ್ ವಲೇರಿಯನ್ ಅವರದು. ಅವರೂ ದಪ್ಪ ಹೆಚ್ಚುತ್ತಾರೆ, ಬೈಸಿಕೊಳ್ಳುತ್ತಾರೆ, ಮುಂದಿನ ವಾರ ಮತ್ತೆ ದಪ್ಪವಾಗಿಯೇ ಹೆಚ್ಚುತ್ತಾರೆ.